ಬುಟ್ಟಿ ಹೊತ್ತವನ ಕೈಗೆ ಕರಣಿ ಯಾವಾಗ?

ಸುಗ್ಗಿ ಮುಗಿದ ಮೇಲೆ ಸುರಪುರ, ಶಹಾಪುರ, ಯಾದಗಿರಿಯ ಬಸ್ ನಿಲ್ದಾಣಗಳಲ್ಲಿ ಸಂಜೆ ಹೊತ್ತು ನಿಂತು ನೋಡಿರಿ. ಬೆಂಗಳೂರಿಗೆ ಗುಳೆ ಹೊರಟ ಮಂದಿಯ ನಡುವೆ ಹದಿನೈದು, ಹದಿನಾರರ ಹುಡುಗರಿರುತ್ತಾರೆ. ಸಾಲಿ ಬಿಟ್ಟವರು. 'ಏನ್ ಕೆಲಸಕ್ಕ ಹೊಂಟೀಯೋ ತಮ್ಮಾ?' ಎಂದರೆ 'ಗೌಂಡಿ ಕೆಲಸಕ್ಕರೀ ಅಣ್ಣಾ' ಎನ್ನುತ್ತಾರೆ. ಅಲ್ಲಿ ಸಿಗುವುದು ಗೌಂಡಿಗೆ ಬುಟ್ಟಿ ಎತ್ತಿಕೊಡುವ ಕೆಲಸ. ಐದು ವರ್ಷ ಬುಟ್ಟಿ ಹೊತ್ತರೂ ಕರಣಿ ಹಿಡಿಯಲು ಕಲಿಸುವವರಿಲ್ಲ. ಯಾರಾದರೂ ವಯಸ್ಸು ಕೇಳಿದರೆ 'ಹದಿನೆಂಟು ಅನ್ನು' ಎಂಬ ಪಾಠವೊಂದನ್ನು ಮಾತ್ರ ಮೊದಲ ದಿನವೇ ಕಲಿಸಿರುತ್ತಾರೆ.

ನಾವು ಕೇಳಬೇಕಾದ ಪ್ರಶ್ನೆ ಇದು: ಬೆಳೆಯುವ ಹುಡುಗನನ್ನು ದುಡಿಸಿಕೊಂಡು ದಿನದ ಪಗಾರ ಕೊಟ್ಟುಬಿಟ್ಟರೆ ಲೆಕ್ಕ ಚುಕ್ತಾ ಆಯಿತೆ? ಆಗಲಿಲ್ಲ ಎನ್ನುತ್ತೇವೆ ನಾವು. ಅವನು ಬೆವರಿನ ಜೊತೆಗೆ, ಕಸುಬು ಕೈಗೆ ಹತ್ತಬೇಕಾದ ವರ್ಷಗಳನ್ನೂ ಮಾರಿರುತ್ತಾನೆ. ಆ ವರ್ಷಗಳು ತಿರುಗಿ ಬರುವುದಿಲ್ಲ. ಅವನ್ನು ಕೊಂಡವನು ಕಸುಬನ್ನೂ ಕೊಡಬೇಕು. ಕೊಡದಿದ್ದರೆ ಅದು ಪಗಾರ ಕೊಟ್ಟು ಮಾಡಿದ ಕಳವು.

ನಮ್ಮ ಅಪ್ಪಂದಿರಿಗೆ ಕಸುಬು ಗೊತ್ತಿರಲಿಲ್ಲವೆ? ತೊಗಲು ಹದ ಮಾಡುವುದು, ಮೆಟ್ಟು ಹೊಲಿಯುವುದು, ಹಲಗೆ ಕಟ್ಟುವುದು ಎಲ್ಲ ಗೊತ್ತಿತ್ತು. ಆದರೆ ಹುಟ್ಟು ಅವರ ಕೈಗೆ ಒಂದು ಕಸುಬು ಕೊಟ್ಟು ಉಳಿದೆಲ್ಲವುಗಳ ಬಾಗಿಲು ಹಾಕಿತ್ತು. ಜಾತಿಯು ದುಡಿಯುವವರನ್ನೇ ಒಬ್ಬರಿಂದೊಬ್ಬರನ್ನು ಸೀಳಿದ ಏರ್ಪಾಡು ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು. ಏಕಲವ್ಯನೂ ಬೇಡರ ಹುಡುಗ. ಕಲಿಸದ ಗುರು ಅವನ ಬೆರಳು ಕೇಳಿದ. ಬೇಡ ನಾಯಕರು ಆಳಿದ ಈ ಸುರಪುರದ ನೆಲದ ಹುಡುಗರಿಂದ ಇಂದಿನ ದ್ರೋಣರು ಬೆರಳು ಕೇಳುವುದಿಲ್ಲ. ಹತ್ತೂ ಬೆರಳನ್ನು ಬುಟ್ಟಿಯ ಅಂಚಿಗೆ ಕಟ್ಟಿಹಾಕುತ್ತಾರೆ.

ಕಾಯ್ದೆ ಇಲ್ಲವೆ? ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಹದಿನಾಲ್ಕು ತುಂಬಿದವರು, ಅಪಾಯದ ಉದ್ದಿಮೆಯಾದರೆ ಹದಿನೆಂಟು ತುಂಬಿದವರು, ಕರಾರು ಬರೆದುಕೊಂಡು ತಿಂಗಳ ಭತ್ಯೆಯೊಂದಿಗೆ ಕಸುಬು ಕಲಿಯಬಹುದು. 1973ರ ತಿದ್ದುಪಡಿ ಪರಿಶಿಷ್ಟರಿಗೆ ಜಾಗ ಮೀಸಲಿಟ್ಟಿತು. ಆದರೆ ಮೂವತ್ತು ಜನರಿಲ್ಲದ ಕಡೆ ಕಲಿಸುವುದು ಕಡ್ಡಾಯವಲ್ಲ. ಐದಾರು ಆಳಿನ ಮೇಸ್ತ್ರಿಯ ಹಿಂದೆ ಹೋದ ಹುಡುಗನನ್ನು ಅದು ಮುಟ್ಟುವುದೇ ಇಲ್ಲ. ಕಲಿಯುವವನು ಕಾರ್ಮಿಕನಲ್ಲ ಎನ್ನುತ್ತದೆ ಕಾಯ್ದೆ. ಕೂಲಿಯವನಿಗೆ ಕಲಿಕೆ ಯಾಕೆ ಎನ್ನುತ್ತಾನೆ ಮೇಸ್ತ್ರಿ. ಇಬ್ಬರ ನಡುವೆ ನಮ್ಮ ಹುಡುಗ ಯಾರ ಲೆಕ್ಕಕ್ಕೂ ಇಲ್ಲ.

ಐಟಿಐಯಲ್ಲಿ ವೆಲ್ಡರ್, ವೈರ್‌ಮನ್‌ನಂಥ ಕೆಲವು ಕಸುಬುಗಳಿಗೆ ಎಂಟನೆಯ ತರಗತಿ ಪಾಸಾದವರೂ ಸೇರಬಹುದು. ಇದನ್ನು ಹೇಳಿದಾಗ ಕೇರಿಯ ಅವ್ವನೊಬ್ಬಳು ನಮ್ಮನ್ನು ಕೇಳಿದಳು: 'ಖರೇ ಐತ್ರೀಯಪ್ಪಾ. ಅವ ಕಲಿಯೂ ತನಕ ಮನಿ ಯಾರು ನಡಸ್ತಾರ?' ನಮ್ಮ ಬಾಯಿ ಕಟ್ಟಿತು. ಆ ಅವ್ವನಿಗೆ ಉತ್ತರ ಕೊಡದ ಯೋಜನೆ ಹೊಟ್ಟೆ ತುಂಬಿದವರ ಮಕ್ಕಳಿಗಾಗಿ ಮಾಡಿದ್ದು. ಕಲಿಯುವ ಕಾಲಕ್ಕೆ ಮನೆಯ ಒಲೆ ಉರಿಯುವಷ್ಟು ಭತ್ಯೆ ಭಿಕ್ಷೆಯಲ್ಲ, ಹಕ್ಕು.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. 2024ರ ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲೇ ಕೊನೆಗಿತ್ತು. ಹತ್ತಿರ ಹತ್ತಿರ ಅರ್ಧ ಮಕ್ಕಳು ನಪಾಸು. ಅವರಿಗೆ 'ಓದಬೇಕಿತ್ತು' ಎಂದು ಉಪದೇಶ ಮಾಡಿದವರು ನಾವು ಬಹಳ ಜನ. ಟಿಸಿ, ಜಾತಿ ಪ್ರಮಾಣಪತ್ರ ಕೈಗಿಟ್ಟು ಐಟಿಐ ಬಾಗಿಲವರೆಗೆ ಕರೆದೊಯ್ದವರು ಎಷ್ಟು ಜನ? ಸಾಲಿ ಬಿಟ್ಟವನ ಹೆಸರನ್ನು ಹಾಜರಿಯಿಂದ ಹೊಡೆದುಹಾಕಿದ ದಿನ ಮಾಸ್ತರರ ಕೆಲಸ ಮುಗಿಯುವುದಿಲ್ಲ. ಕೂಲಿ ಹೆಚ್ಚಿಸಿ ಎಂದು ಕೂಗಿದ ದಿನ ಸಂಘಟನೆಯ ಕೆಲಸವೂ ಮುಗಿಯುವುದಿಲ್ಲ. 'ಪಗಾರ ಎಷ್ಟು ಕೊಡ್ತಿ?' ಎಂದು ಕೇಳುವ ಬಾಯಿಂದಲೇ 'ಏನು ಕಲಸ್ತಿ?' ಎಂದೂ ಕೇಳಬೇಕು. ಬಸ್ಸು ಹೊರಡುವುದಕ್ಕೆ ಮುಂಚೆಯೇ ಕೇಳಬೇಕು.