ಕೇಳದ ಪ್ರಶ್ನೆಗೆ ಉತ್ತರ

ಕೊಳ್ಳುವುದಕ್ಕಿಂತ ಮಾರುವುದು ಕಷ್ಟ ಎಂಬ ಮಾತು ವ್ಯಾಪಾರಸ್ಥರಿಗೆ ಹೊಸದಲ್ಲ. ಇಡೀ ಆಯುಷ್ಯದಲ್ಲಿ ಹಳೆಯ ವೃತ್ತಪತ್ರಿಕೆಗಳ ಹೊರತು ಬೇರೇನನ್ನೂ ಮಾರಿ ಅರಿಯದ ನನಗೆ ಮಾತ್ರ ಅದು ತಿಳಿದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ಮಾರಬೇಕಾಗಿದ್ದ ವಸ್ತು ಒಂದು ಕಾರು. ಅದೂ ಸಂಸಾರವಂದಿಗರು ಏರುವ ಕಾರಲ್ಲ. ಎರಡೇ ಬಾಗಿಲು, ಎರಡೇ ಆಸನ, ಗುಂಡಿ ಒತ್ತಿದರೆ ಹಿಂದಕ್ಕೆ ಮಡಚಿಕೊಳ್ಳುವ ಬಟ್ಟೆಯ ಮಾಡು. ಹೊಟ್ಟೆ ನೆಲಕ್ಕೆ ತಾಗೀತೋ ಎನ್ನುವಷ್ಟು ತಗ್ಗು. ‘ಸ್ಪೋರ್ಟ್ಸ್ ಕಾರು’ ಎಂದು ಕರೆಯುತ್ತಾರಲ್ಲ, ಆ ಜಾತಿಯದು. ನನ್ನ ಮಗ ಅದನ್ನು ಒಬ್ಬರು ಬಳಸಿ ಬಿಟ್ಟ ಮೇಲೆ ಕೊಂಡಿದ್ದ. ಅವನಿಗೆ ಹೊರದೇಶದಲ್ಲಿ ಕೆಲಸವಾಯಿತು. ಸಹಿ ಮಾಡಬೇಕಾದ ಕಾಗದಗಳಿಗೆಲ್ಲ ಸಹಿ ಮಾಡಿ, “ಒಳ್ಳೆಯ ಬೆಲೆ ಬಂದರೆ ಮಾರಿಬಿಡಿ ಅಪ್ಪ” ಎಂದು ಹೇಳಿ ವಿಮಾನ ಹತ್ತಿದ.

ಹಳೆಯ ಕಾರಿನ ಬೆಲೆ ಹೇಗೆ ನಿಶ್ಚಯವಾಗುತ್ತದೆಂಬುದು ಒಂದು ಸಣ್ಣ ಶಾಸ್ತ್ರವೇ ಸರಿ. ವಿಮೆಯವರ ಲೆಕ್ಕದಲ್ಲಿ ಹೊಸ ಗಾಡಿಯ ಮೌಲ್ಯ ಮೊದಲ ಆರು ತಿಂಗಳೊಳಗೇ ನೂರಕ್ಕೆ 5ರಷ್ಟು ಸವೆಯುತ್ತದೆ. ವರ್ಷ ತುಂಬುವುದರೊಳಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಆಮೇಲೆ ಅವರೂ ಕೋಷ್ಟಕವನ್ನು ಮಡಚಿಟ್ಟು, ಮಾತುಕತೆಯಿಂದ ನಿರ್ಣಯಿಸಿಕೊಳ್ಳಿ ಎನ್ನುತ್ತಾರೆ. ಮಾತುಕತೆಯೆಂದರೆ ದಲ್ಲಾಳಿಯ ಕಣ್ಣು. ಮೀಟರಿನಲ್ಲಿ ಎಷ್ಟು ಸಾವಿರ ಕಿಲೋಮೀಟರು? ಎಷ್ಟು ಕೈ ಬದಲಾಗಿದೆ? ಸರ್ವೀಸು ಮಾಡಿಸಿದ ರಸೀತಿಗಳುಂಟೆ? ಬಾಗಿಲ ಬಣ್ಣಕ್ಕೂ ಬಾನೆಟ್ಟಿನ ಬಣ್ಣಕ್ಕೂ ಕೂದಲೆಳೆಯ ವ್ಯತ್ಯಾಸವಿದೆಯೆ? ಸ್ಪೋರ್ಟ್ಸ್ ಕಾರಾದರೆ ಇನ್ನೂ ಎರಡು ಸಂಶಯ ಹೆಚ್ಚು. ಹಿಂದಿನ ಯಜಮಾನ ಅದನ್ನು ಓಡಿಸಿದನೋ, ಅಥವಾ ಹಿಂಸಿಸಿದನೋ? ನಾಳೆ ಒಂದು ಭಾಗ ಮುರಿದರೆ ಅದು ಸಿಕ್ಕೀತೋ? ಬೆಂಗಳೂರಿನ ಸ್ಯಾನ್ ಸಂಸ್ಥೆಯವರು ತೊಂಬತ್ತರ ದಶಕದ ಕೊನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನದ ಪುಟ್ಟ ಕಾರನ್ನು ಹೊರತಂದಿದ್ದರು. ಫೈಬರ್ ಗ್ಲಾಸಿನ ಮೈ, ರೆನೋ ಎಂಜಿನು. ಇಂಥ ಕಾರುಗಳ ತಯಾರಿಕೆ ನಿಂತ ಮೇಲೆ ಅವನ್ನು ಕೊಳ್ಳುವವನು ಕಾರಿನ ಜೊತೆಗೆ ಹುಡುಕಾಟವನ್ನೂ ಕೊಂಡಂತೆ. ಬಯಸುವವರು ನೂರು ಮಂದಿ, ಕೊಳ್ಳುವವರು ಒಬ್ಬರೋ ಇಬ್ಬರೋ; ಆದ್ದರಿಂದಲೇ ಇಂಥ ಗಾಡಿಯ ಬೆಲೆಗೆ ನೆಲೆಯಿಲ್ಲ.

ಇದನ್ನೆಲ್ಲ ಕೇಳುವಾಗ ನನಗೆ ಜ್ಞಾಪಕಕ್ಕೆ ಬಂದದ್ದು ದನದ ಜಾತ್ರೆ. ಅಲ್ಲಿಯೂ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಕೊನೆಗೆ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮುಗಿಸುತ್ತಾರೆ. ಎತ್ತು ತನ್ನ ಹಲ್ಲನ್ನು ತಾನು ತಿದ್ದಿಕೊಳ್ಳಲಾರದು. ಕಾರಿನ ಮೀಟರನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ ಎಂಬುದೊಂದೇ ವ್ಯತ್ಯಾಸ.

ನಮ್ಮ ಕಾರಿಗೆ ಮೇಲೆ ಹೇಳಿದ ಯಾವ ದೋಷವೂ ಇರಲಿಲ್ಲ. ಇದ್ದದ್ದು ಬೇರೊಂದು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಪೂರ್ವಭಾಗ ಮಳೆಯಲ್ಲಿ ಮುಳುಗಿದ್ದು, ಉದ್ಯೋಗಸ್ಥರು ಟ್ರ್ಯಾಕ್ಟರುಗಳಲ್ಲಿ ನಿಂತು ಕಚೇರಿಗೆ ಹೋದದ್ದು ವಾಚಕರಿಗೆ ನೆನಪಿರಬಹುದು. ಆಗ ಮಗನಿದ್ದ ಮನೆಯ ನೆಲಮಾಳಿಗೆಯಲ್ಲಿ ಈ ಕಾರು ಎರಡು ರಾತ್ರಿ ಆಸನದ ಮಟ್ಟದವರೆಗೆ ನೀರಿನಲ್ಲಿ ನಿಂತಿತ್ತು. ಆ ವರ್ಷ ಇದ್ದದ್ದು ಮೂರನೆಯವರ ಹಾನಿಗೆ ಮಾತ್ರ ಸಲ್ಲುವ ವಿಮೆ. ಆದ್ದರಿಂದ ಪರಿಹಾರವನ್ನು ಕೇಳಲಿಲ್ಲ. ಪರಿಹಾರ ಕೇಳದ್ದರಿಂದ ದಾಖಲೆಯೂ ಇಲ್ಲ. ಮೆಕ್ಯಾನಿಕ್ ಒಬ್ಬರು ಎಲ್ಲವನ್ನೂ ಬಿಚ್ಚಿ, ಒಣಗಿಸಿ, ತೊಳೆದು, ಮತ್ತೆ ಓಡುವಂತೆ ಮಾಡಿದರು. ಕಾರು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಕೈಗೆ ಕೊಡುವಾಗ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿಯಿತು: “ವೈರುಗಳ ಜೋಡಣೆಯೊಳಗೆ ಹಸಿರು ಹಿಡಿಯೋದು ಇವತ್ತಲ್ಲ ಸಾರ್, ಎರಡು ಮೂರು ವರ್ಷದ ಮೇಲೆ. ಏರ್‌ಬ್ಯಾಗಿನ ವೈರು ಸೀಟಿನ ಕೆಳಗೇ ಹೋಗಿದೆ. ಬೇಕಾದಾಗ ತೆರೆಯುತ್ತದೋ ಇಲ್ಲವೋ ಗ್ಯಾರಂಟಿ ಹೇಳೋಕಾಗಲ್ಲ.”

ಕೊಳ್ಳಲು ಬಂದವನು ಉಳವಿಯ ಹುಡುಗ. ಉಳವಿ ಎಂದೊಡನೆ ಜೋಯಿಡಾದ ಕಾಡಿನಲ್ಲಿರುವ ಚೆನ್ನಬಸವಣ್ಣನವರ ಕ್ಷೇತ್ರ ನೆನಪಾಗುವುದು ಸಹಜ. ನಾನು ಹೇಳುತ್ತಿರುವುದು ಅದಲ್ಲ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಉಳವಿ. ನಮ್ಮ ತಂದೆ ಅಲ್ಲಿ ಮೇಷ್ಟರಾಗಿದ್ದರು. ನಾನು ಅಕ್ಷರ ಕಲಿತದ್ದೂ ಅಲ್ಲಿಯೇ. ಹುಡುಗನ ತಂದೆ ನನ್ನ ಜೊತೆ ಓದಿದವನು, ಈಗಿಲ್ಲ. ಹುಡುಗ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಎರಡು ವರ್ಷ ಒಳ್ಳೆಯ ಧಾರಣೆ ಸಿಕ್ಕಿತ್ತು. ಚಿಕ್ಕಂದಿನಿಂದ ಇಂಥ ಕಾರಿನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದನಂತೆ. ಬೆಂಗಳೂರಿಗೆ ಬಂದು, ಕಾರನ್ನು ಎರಡು ಸುತ್ತು ಹೊಡೆಸಿ, ಮಾಡನ್ನು ಮೂರು ಸಲ ತೆರೆದು ಮುಚ್ಚಿ, ನಾನು ಹೇಳಿದ ಹನ್ನೆರಡು ಲಕ್ಷಕ್ಕೆ ಒಂದು ಮಾತೂ ಆಡದೆ ಒಪ್ಪಿಕೊಂಡ. ಮೆಕ್ಯಾನಿಕ್ಕನ್ನು ಕರೆತಾ ಎಂದರೆ ನಕ್ಕುಬಿಟ್ಟ. “ಮೇಷ್ಟರ ಮನೆಯಿಂದ ತಗಳ್ಳೋವಾಗ ಮೆಕ್ಯಾನಿಕ್ ಯಾಕೆ ದೊಡ್ಡಪ್ಪ? ನಮ್ಮಜ್ಜನಿಗೆ ನಿಮ್ಮ ಅಪ್ಪಯ್ಯನೇ ಅಲ್ವಾ ರುಜು ಹಾಕೋದು ಕಲ್ಸಿದ್ದು?” ಹತ್ತು ಸಾವಿರ ಮುಂಗಡ ಕೊಟ್ಟು ರಾತ್ರಿಯ ರೈಲಿಗೆ ಹೊರಟ.

ನಾನು ನೀರಿನ ವಿಷಯವನ್ನು ಹೇಳಲಿಲ್ಲ. ಮರೆತೆನೆಂದು ಬರೆಯಬಹುದಿತ್ತು, ಮರೆತಿರಲಿಲ್ಲ.

ಆ ರಾತ್ರಿ ಮಗನಿಗೆ ಫೋನು ಮಾಡಿದೆ. ಅವನು ಕೆಟ್ಟವನಲ್ಲ. “ಅವನು ಕೇಳಿದ್ದರೆ ಸುಳ್ಳು ಹೇಳಬೇಡಿ ಅನ್ನುತ್ತಿದ್ದೆ. ಕೇಳಲಿಲ್ಲವಲ್ಲ? ಮೆಕ್ಯಾನಿಕ್ಕನ್ನು ತರಲೂ ಹೇಳಿದಿರಿ. ಇನ್ನೇನು ಮಾಡಬೇಕು?” ಎಂದ. ಕಾನೂನು ಬಹುಮಟ್ಟಿಗೆ ಅವನ ಪಕ್ಷದಲ್ಲಿಯೇ ಇದೆ. ನಮ್ಮ 1872ರ ಕರಾರು ಕಾಯಿದೆಯ 17ನೆಯ ಕಲಂ, ಸುಮ್ಮನಿರುವುದೊಂದೇ ಮೋಸವಾಗುವುದಿಲ್ಲ ಎನ್ನುತ್ತದೆ. ಉದಾಹರಣೆಯನ್ನೂ ಕೊಡುತ್ತದೆ: ಒಬ್ಬನು ತನ್ನ ಕುದುರೆಗೆ ರೋಗವಿದೆಯೆಂದು ತಿಳಿದಿದ್ದೂ ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ಅದು ಮೋಸವಲ್ಲ. ಆದರೆ ಕಾಯಿದೆ ಬರೆದವರು ಅಲ್ಲಿಗೇ ನಿಲ್ಲಲಿಲ್ಲ. ಕೊಳ್ಳುವವಳು ಆತನ ಮಗಳಾಗಿದ್ದು ಆಗತಾನೆ ಪ್ರಾಪ್ತವಯಸ್ಕಳಾಗಿದ್ದರೆ, ಹೇಳುವುದು ಅವನ ಕರ್ತವ್ಯ. ಕೊಳ್ಳುವವನು ‘ನೀನು ಇಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದೇ ತಿಳಿಯುತ್ತೇನೆ’ ಎಂದು ಹೇಳಿ, ಮಾರುವವನು ಸುಮ್ಮನಿದ್ದರೆ, ಆ ಮೌನವೂ ಮಾತೇ. ಒಂದೇ ಕುದುರೆ, ಒಂದೇ ರೋಗ, ಒಂದೇ ಮೌನ. ಎದುರಿಗಿರುವವರು ಬದಲಾದರೆ ಮೌನದ ಅರ್ಥವೂ ಬದಲಾಗುತ್ತದೆ.

ಈ ಜಿಜ್ಞಾಸೆ ಕಾಯಿದೆಗಿಂತ ಬಹು ಹಳೆಯದು. ರೋಮಿನ ಸಿಸೆರೋ ಕ್ರಿ. ಪೂ. 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗೆಂದು ಕರ್ತವ್ಯಗಳನ್ನು ಕುರಿತು ಒಂದು ಗ್ರಂಥ ಬರೆದ. ಅದರಲ್ಲಿ ಒಬ್ಬ ವರ್ತಕ ಅಲೆಕ್ಸಾಂಡ್ರಿಯದಿಂದ ಹಡಗಿನ ತುಂಬ ಧಾನ್ಯವನ್ನು ಬರಗಾಲದ ರೋಡ್ಸ್ ದ್ವೀಪಕ್ಕೆ ತರುತ್ತಾನೆ. ಹಿಂದೆಯೇ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ಅವನು ಕಂಡಿದ್ದಾನೆ, ಊರಿನವರು ಕಂಡಿಲ್ಲ. ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೆ? ಡಯೋಜಿನಿಸ್ ಎಂಬ ತತ್ತ್ವಜ್ಞಾನಿ, ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದು ವಾದಿಸುತ್ತಾನೆ. ಅವನ ಶಿಷ್ಯ ಆಂಟಿಪೇಟರ್, ಮನುಷ್ಯರೆಲ್ಲ ಒಂದೇ ಸಮಾಜದವರಾದ ಮೇಲೆ ಹೇಳಲೇಬೇಕು ಎನ್ನುತ್ತಾನೆ. ಸಿಸೆರೋ ಶಿಷ್ಯನ ಕಡೆ ತೀರ್ಪು ಕೊಟ್ಟ. ತೀರ್ಪು ನನಗೆ ಒಪ್ಪಿಗೆಯೇ. ಆದರೂ ಗುರುವಿನ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ನನಗೆ ತಿಳಿದುದೆಲ್ಲವನ್ನೂ ಪರರಿಗೆ ಹೇಳಲೇಬೇಕೆಂದರೆ ವ್ಯಾಪಾರವೆಂಬುದೇ ಇರುವುದಿಲ್ಲ, ದಾನವೊಂದೇ ಉಳಿಯುತ್ತದೆ.

ನಿದ್ದೆ ಬಾರದೆ ನಾನೂ ಡಯೋಜಿನಿಸನಂತೆ ಒಂದು ವಾದ ಹೂಡಿಕೊಂಡೆ. ಅದಕ್ಕೆ ಆಧಾರ ಸಿಕ್ಕಿದ್ದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ, 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಲು ಕಾರಣವಾದ ಲೇಖನದಿಂದ. ಅದರ ವಸ್ತು ಹಳೆಯ ಕಾರುಗಳ ಪೇಟೆಯೇ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರನ್ನೂ ಸಂಶಯದಿಂದ ನೋಡಿ ಬೆಲೆಯನ್ನು ಇಳಿಸುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲಾರದೆ ಪೇಟೆಯಿಂದ ಹೊರಟುಹೋಗುತ್ತಾನೆ. ಉಳಿಯುವುದು ಕೆಟ್ಟ ಕಾರುಗಳು. ಹಾಗಾದರೆ, ಪೇಟೆಯ ಬೆಲೆಯಲ್ಲಿ ನನ್ನ ಮೌನದ ದಂಡವನ್ನು ಆಗಲೇ ಕಳೆದಿದೆಯಲ್ಲವೆ? ಎಲ್ಲರೂ ಮುಚ್ಚಿಡುತ್ತಾರೆಂದು ಊಹಿಸಿಯೇ ಕೊಡುವ ಬೆಲೆಗೆ ನಾನೂ ಮುಚ್ಚಿಟ್ಟರೆ ಯಾರಿಗೇನು ನಷ್ಟ?

ವಾದ ಚೆನ್ನಾಗಿತ್ತು. ಆದರೆ ಬೆಳಗಿನ ಹೊತ್ತಿಗೆ ಅದರ ತೂತು ಕಾಣಿಸಿತು. ಆ ಹುಡುಗ ಸಂಶಯದ ಬೆಲೆಯನ್ನು ಕೊಟ್ಟಿರಲಿಲ್ಲ. ಪೇಟೆಯ ಬೇರೆ ಯಾರಾದರೂ ಚೌಕಾಸಿ ಮಾಡಿ ಒಂದೆರಡು ಲಕ್ಷ ಇಳಿಸುತ್ತಿದ್ದರು, ಇವನು ಇಳಿಸಲಿಲ್ಲ. ಸಂಶಯಕ್ಕೆಂದು ಕಳೆಯಬೇಕಾಗಿದ್ದ ಹಣವನ್ನು ಅವನು ನಮ್ಮ ತಂದೆಯ ಹೆಸರಿನ ಮೇಲೆ ನಂಬಿಕೆಯಾಗಿ ಇಟ್ಟು ಹೋಗಿದ್ದ. ಅವನ ದೃಷ್ಟಿಯಲ್ಲಿ ಅವನು ಪ್ರಶ್ನೆಯನ್ನು ಕೇಳಿಯಾಗಿತ್ತು. ನನ್ನ ಮೌನವೇ ಉತ್ತರವಾಗಿತ್ತು. ಸಾಲದ್ದಕ್ಕೆ ಇದು ಹಣದ ಮಾತು ಮಾತ್ರವಲ್ಲ. ಸೊರಬದ ತಿರುವಿನಲ್ಲೆಲ್ಲೋ ಒಂದು ಮಳೆಗಾಲದ ಸಂಜೆ ಏರ್‌ಬ್ಯಾಗು ತೆರೆಯದಿದ್ದರೆ, ಕರಾರು ಕಾಯಿದೆಯ 17ನೆಯ ಕಲಮನ್ನು ನಾನು ಯಾರೆದುರು ಓದಬೇಕು?

ಇಷ್ಟಾದರೂ ಒಂದು ತೊಡಕು ಉಳಿಯಿತು, ಮೊದಲಿನದಕ್ಕಿಂತ ದೊಡ್ಡದು. ಕಾರು ನನ್ನದಲ್ಲ.

ನಾನು ಚಿಕ್ಕವನಿದ್ದಾಗ ಉಳವಿಯ ನಮ್ಮ ಮನೆಯಲ್ಲಿ ಒಂದು ಹಸುವಿತ್ತು. ಹಾಲೇನೋ ಕೊಡುತ್ತಿತ್ತು, ಹತ್ತು ದಿನಕ್ಕೊಮ್ಮೆ ಒದ್ದು ತಂಬಿಗೆ ಉರುಳಿಸುತ್ತಿತ್ತು. ಮಾರುವ ದಿನ ಅದು ದೇವರಂತೆ ನಿಂತಿತ್ತು. ಬೆಲೆ ಮುಗಿದ ಮೇಲೆ ತಂದೆ, “ಒದೆಯುತ್ತದೆ ಕಣಯ್ಯ, ಕಾಲು ಕಟ್ಟಿ ಕರೆಯಬೇಕು” ಎಂದುಬಿಟ್ಟರು. ಬಂದ ಹಣ ಅರ್ಧವಾಯಿತು. ಆ ಹಣದಲ್ಲಿ ಬೇರೆ ಹಸು ಬರಲಿಲ್ಲ. ತಾಯಿ ಬಹುಕಾಲ ಹೇಳುತ್ತಿದ್ದರು: “ನಿಜ ಹೇಳಿದವರು ನೀವು. ಮಜ್ಜಿಗೆಯಿಲ್ಲದೆ ಉಂಡವರು ಮಕ್ಕಳು.” ತಂದೆಯವರನ್ನು ಊರೆಲ್ಲ ಹೊಗಳಿತು. ತಾಯಿಯ ಮಾತಿಗೆ ಅವರು ಉತ್ತರ ಕೊಟ್ಟದ್ದನ್ನು ನಾನು ಕೇಳಲಿಲ್ಲ. ಪರರ ಖರ್ಚಿನಲ್ಲಿ ಸತ್ಯವಂತನಾಗುವುದು ಸುಲಭ. ಅಲ್ಲಿಯೂ ಒಂದು ಬಗೆಯ ಕಳವು ಇದೆಯೆಂದು ನನಗೆ ಅನ್ನಿಸುತ್ತದೆ.

ಮಗನಿಗೆ ಮತ್ತೆ ಫೋನು ಮಾಡಿ, ಹೇಳುತ್ತೇನೆಂದೂ, ನಷ್ಟದಲ್ಲಿ ಅರ್ಧವನ್ನು ನನ್ನ ಠೇವಣಿಯಿಂದ ತುಂಬಿಕೊಡುವೆನೆಂದೂ ತಿಳಿಸಿದೆ. ಅವನಿಗೆ ಕೋಪ ಬಂತು. “ಹಾಗಾದರೆ ಯಾವನಾದರೂ ವ್ಯಾಪಾರಿಗೆ ಕೊಟ್ಟುಬಿಡಿ. ಅವನಿಗೆ ಎಲ್ಲ ಗೊತ್ತಿರುತ್ತದೆ, ನೀವು ಯಾರಿಗೂ ಮೋಸ ಮಾಡಿದ ಹಾಗಾಗುವುದಿಲ್ಲ” ಎಂದ. ವ್ಯಾಪಾರಿ ಅದನ್ನು ಇನ್ನಾರಿಗೋ ಮಾರುತ್ತಾನಲ್ಲ ಎಂದೆ. “ಅವನ ಮುಖ ನೀವು ನೋಡುವುದಿಲ್ಲವಲ್ಲ” ಎಂದ. ಆ ಮಾತು ನನ್ನನ್ನು ಚುಚ್ಚಿತು. ಹುಡುಗ ಉಳವಿಯವನಲ್ಲದೆ ಗುರುತಿಲ್ಲದವನಾಗಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆನೆ? ಮಾಡುತ್ತಿದ್ದೆನೇನೋ. ಆಂಟಿಪೇಟರನ ಸಮಾಜ ಮನುಷ್ಯರೆಲ್ಲರದ್ದು. ನನ್ನದು ಒಂದು ಹೋಬಳಿಯಷ್ಟು. ಇದನ್ನು ಒಪ್ಪಿಕೊಳ್ಳದೆ ಈ ಲೇಖನವನ್ನು ಬರೆಯುವುದು ಸರಿಯಾಗದು.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ರಾತ್ರಿಯ ರೈಲಿನಲ್ಲಿ ಸಾಗರಕ್ಕೆ ಹೋಗಿ, ಅಲ್ಲಿಂದ ಉಳವಿಗೆ ಹೋದೆ. ಹುಡುಗನ ತಾಯಿ ಕಾಫಿ ಕೊಟ್ಟರು. ಕಾರಿಗೆ ಅಂಗಳದಲ್ಲಿ ಒಂದು ಚಪ್ಪರವೂ ಸಿದ್ಧವಾಗಿತ್ತು. ನೀರಿನ ವಿಷಯ, ವೈರಿನ ವಿಷಯ, ಮೆಕ್ಯಾನಿಕ್ಕಿನ ಮಾತು ಎಲ್ಲವನ್ನೂ ಹೇಳಿ, ಮುಂಗಡದ ಹತ್ತು ಸಾವಿರವನ್ನು ಮೇಜಿನ ಮೇಲಿಟ್ಟೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೂಟೆ ತಳದಲ್ಲಿ ಒದ್ದೆ ಅಡಿಕೆ ಹಾಕಿ ಮಂಡಿಗೆ ತರೋರನ್ನ ಕಂಡಿದೀನಿ ದೊಡ್ಡಪ್ಪ. ತಳ ನೋಡಿ ಅಂತ ಹೇಳೋಕೆ ಬಂದೋರನ್ನ ಕಂಡಿರಲಿಲ್ಲ” ಎಂದ. ನನಗೆ ಸಮಾಧಾನವಾಗುವಷ್ಟರಲ್ಲಿ, “ಆದ್ರೆ ಅವತ್ತೇ ಹೇಳಬಹುದಿತ್ತು” ಎಂದೂ ಸೇರಿಸಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂರು ವಾರದ ಮೇಲೆ ಸಾಗರದ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಬಂದ. ಇಬ್ಬರೂ ಸೀಟು ಬಿಚ್ಚಿ ನೋಡಿದರು. ಕಂಬಿಯ ಸಂದಿಯಲ್ಲಿ ಒಣಗಿದ ಕೆಸರು ಇನ್ನೂ ಇತ್ತು. ಎಂಟೂವರೆ ಲಕ್ಷಕ್ಕೆ ಮಾತಾಯಿತು. ವೈರುಗಳನ್ನೂ ಏರ್‌ಬ್ಯಾಗಿನ ಭಾಗಗಳನ್ನೂ ಬದಲಿಸಿಯೇ ಓಡಿಸುವುದಾಗಿ ಅವನು ಹೇಳಿದ. ಇಳಿದ ಮೂರೂವರೆ ಲಕ್ಷದಲ್ಲಿ ಅರ್ಧವನ್ನು ಮಗನ ಖಾತೆಗೆ ಕಟ್ಟಿದೆ. ಬೇಡವೆನ್ನುವನೇನೋ ಎಂದುಕೊಂಡಿದ್ದೆ; ತೆಗೆದುಕೊಂಡ. ತೆಗೆದುಕೊಂಡದ್ದೇ ನ್ಯಾಯವೆಂದು ಈಗ ತೋರುತ್ತದೆ.

ವರ್ಗಾವಣೆಯ 29, 30ನೆಯ ನಮೂನೆಗಳ ಜೊತೆಗೆ ನಾನು ಇನ್ನೊಂದು ಕಾಗದವನ್ನು ಬರೆದು ಕೊಟ್ಟೆ: ಈ ವಾಹನ ಇಂಥ ತಿಂಗಳು ಎರಡು ರಾತ್ರಿ ನೀರಿನಲ್ಲಿ ನಿಂತಿತ್ತು, ಇಂಥಿಂಥದನ್ನು ಬದಲಿಸಿದೆ, ಇಂಥದನ್ನು ಬದಲಿಸಿಲ್ಲ, ಎಂದು. ಸರ್ಕಾರ ಅದನ್ನು ಕೇಳುವುದಿಲ್ಲ. ಹುಡುಗ ಮಡಚಿ, ಆರ್.ಸಿ.ಯ ಜೊತೆ ಇಟ್ಟುಕೊಂಡ. ಅವನೂ ಒಂದು ದಿನ ಕಾರನ್ನು ಮಾರುತ್ತಾನೆ. ಕೊಳ್ಳಲು ಬಂದವನು ಆ ಕಾಗದವನ್ನು ಕೇಳುವುದಿಲ್ಲ, ಅಂಥದೊಂದು ಇದೆಯೆಂದೇ ಅವನಿಗೆ ಗೊತ್ತಿರುವುದಿಲ್ಲ. ತೆಗೆದು ತೋರಿಸುವುದೋ ಬಿಡುವುದೋ ಆಗ ಅವನಿಗೆ ಬಿಟ್ಟದ್ದು.