ಧಾರಣೆ ಇಳಿದ ರಾತ್ರಿ

ರಾಶಿ ಅಡಿಕೆ ಧಾರಣೆ ಕ್ವಿಂಟಲ್‌ಗೆ ಸಾವಿರ ರೂಪಾಯಿ ಇಳಿದರೆ ಸಾಕು, ಆ ರಾತ್ರಿ ಚನ್ನಗಿರಿ ಸೀಮೆಯ ಎಷ್ಟೋ ಮನೆಗಳಲ್ಲಿ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಚೀಲಗಳು ಇಟ್ಟಲ್ಲೇ ಇವೆ, ಒಂದು ಕೆ.ಜಿ.ಯೂ ಮಾರಿಲ್ಲ, ತಲೆಯೊಳಗೆ ಮಾತ್ರ ನಷ್ಟದ ಲೆಕ್ಕ ಆಗಲೇ ಮುಗಿದಿದೆ. ಜಗಳೂರಿನಲ್ಲಿ ಇದೇ ಕೆಲಸವನ್ನು ಬಾರದ ಮಳೆ ಮಾಡುತ್ತದೆ, ಹೊನ್ನಾಳಿಯಲ್ಲಿ ದಡ ಮೀರಿ ಏರುವ ತುಂಗಭದ್ರೆ.

ಕರೆಯದೆ ಬಂದ ಈ ಯೋಚನೆ ಎಲ್ಲಿಂದ ಎದ್ದಿತು? ಕೇನೋಪನಿಷತ್ತು ಶುರುವಾಗುವುದೇ ಮನಸ್ಸನ್ನು ಹೊರಗಟ್ಟುವವರು ಯಾರು ಎಂಬ ಪ್ರಶ್ನೆಯಿಂದ. ಮನಸ್ಸಿನ ಬೆನ್ನಿಗೆ ನಿಂತು ಅದನ್ನು ಬೆಳಗಿಸುವುದೊಂದಿದೆ, ಮನಸ್ಸಿನ ಹಿಡಿತಕ್ಕೆ ಮಾತ್ರ ಅದು ಸಿಗದು ಎಂಬುದು ಅಲ್ಲಿನ ಉತ್ತರ. ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರಕ್ಕೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಬೇಸಿಗೆಯಲ್ಲೂ ಅಲ್ಲಿ ನೀರು ಬರುತ್ತಲೇ ಇರುತ್ತದೆ, ಸೆಲೆ ಕಣ್ಣಿಗೆ ಬೀಳುವುದಿಲ್ಲ. ನೀರಿನ ಮೇಲೆ ತರಗೆಲೆ ತೇಲಿದರೆ ಯಾರೂ ಸೆಲೆಯನ್ನು ದೂರುವುದಿಲ್ಲ.

ಗೀತೆಯ ಎರಡನೆಯ ಅಧ್ಯಾಯ ಕೇಡಿನ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ: ಒಂದನ್ನೇ ನೆನೆಯುತ್ತ ಕೂತರೆ ಅಂಟು, ಅಂಟಿನಿಂದ ಬಯಕೆ, ಬಯಕೆಗೆ ಅಡ್ಡಿಯಾದರೆ ಸಿಟ್ಟು, ಕೊನೆಗೆ ಬುದ್ಧಿಯೇ ಕೈಕೊಡುತ್ತದೆ. ವೈದ್ಯರು ಇದನ್ನೇ ಮೈಯ ಕಡೆಯಿಂದ ಹೇಳುತ್ತಾರೆ. ಚಿಂತೆ ಬಿಡದಿದ್ದರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ. ಮೊದಲ ಮೆಟ್ಟಿಲು ಯೋಚನೆ ಬಂದದ್ದಲ್ಲ, ಅದಕ್ಕೆ ಮಣೆ ಹಾಕಿದ್ದು. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನೆನ್ನುವ ಅಲ್ಲಮಪ್ರಭುವೂ 12ನೇ ಶತಮಾನದಲ್ಲಿ ಹೊನ್ನಿನ ಮೇಲೆ ತಪ್ಪು ಹೊರಿಸಲಿಲ್ಲ, ಒಳಗಿನ ಆಸೆಯತ್ತ ಬೆರಳು ಮಾಡಿದ. (ಅಡಿಕೆಯದೂ ತಪ್ಪಿಲ್ಲ ಎಂದು ಚನ್ನಗಿರಿಯವರು ಸೇರಿಸಿಕೊಳ್ಳಬಹುದು.)

ಒಳ್ಳೆಯದನ್ನೇ ಯೋಚಿಸಿ, ಎಲ್ಲ ಸರಿಹೋಗುತ್ತದೆ ಎನ್ನುವ ಉಪದೇಶ ನನಗೆ ಒಗ್ಗದು. ಬೋರ್‌ವೆಲ್ ಬತ್ತಿದವರ ಸಾಲ ಧ್ಯಾನದಿಂದ ತೀರುವುದಿಲ್ಲ. ಆದರೆ ಚಿಂತೆ ಬಂದಿದೆ ಎಂದು ಬಲ್ಲ ಅರಿವಿಗೆ ಚಿಂತೆಯ ಸೋಂಕಿಲ್ಲ. ಉಸಿರಿನ ಮೇಲೆ ಗಮನವಿಟ್ಟು ಹತ್ತು ನಿಮಿಷ ಆ ಅರಿವಿನಲ್ಲಿ ನಿಂತವರ ತಲೆ, ಬೆಳಿಗ್ಗೆ ಮಂಡಿಯಲ್ಲಿ ಮಾರುವುದೋ ಕಾಯುವುದೋ ಎಂದು ತೀರ್ಮಾನಿಸುವ ಹೊತ್ತಿಗೆ ಒಂದಿಷ್ಟು ತಿಳಿಯಾಗಿರುತ್ತದೆ. ಹಾಗೆ ಕೂತರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ರಾತ್ರಿ ಎರಡು ಗಂಟೆಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.