ನಡೆಯದ ನೋಟಿನ ಬೆಲೆ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಒಬ್ಬಾತ ಹಳೆಯ ನಾಣ್ಯ, ನೋಟುಗಳನ್ನು ಬಟ್ಟೆಯ ಮೇಲೆ ಹರಡಿಕೊಂಡು ಕುಳಿತಿದ್ದ. ಸುಮ್ಮನೆ ನೋಡಲು ನಿಂತೆ. ಆ ಗೀಳು ಇಂದಿಗೂ ಬಿಟ್ಟಿಲ್ಲ.

ಇದರಲ್ಲಿ ಅಮೆರಿಕದವರದೇ ಒಂದು ಲೋಕ. 1863ರ ಕಾನೂನಿನಂತೆ ಅಲ್ಲಿ ಊರೂರಿನ ನ್ಯಾಷನಲ್ ಬ್ಯಾಂಕುಗಳು ತಮ್ಮದೇ ಹೆಸರಿನ ನೋಟುಗಳನ್ನು ಹೊರಡಿಸುತ್ತಿದ್ದವು. 1935ರವರೆಗೂ ಇದು ನಡೆಯಿತು. ಬ್ಯಾಂಕಿನ ಹೆಸರು, ಊರಿನ ಹೆಸರು, ಅಧ್ಯಕ್ಷ ಮತ್ತು ಕ್ಯಾಷಿಯರರ ಸಹಿ ಎಲ್ಲವೂ ಅದರ ಮೇಲಿರುತ್ತಿತ್ತು. ತಮ್ಮೂರಿನ ಹೆಸರಿನ ಒಂದು ನೋಟಿಗಾಗಿ ಜೀವಮಾನವಿಡೀ ಹುಡುಕುವವರಿದ್ದಾರೆ. ನಮ್ಮಲ್ಲಿ ಬ್ರಿಟಿಷ್ ಸರಕಾರ 1861ರಲ್ಲೇ ನೋಟು ಹೊರಡಿಸುವ ಹಕ್ಕನ್ನು ತನ್ನ ಕೈಗೆ ತೆಗೆದುಕೊಂಡಿತು. ಹಾಗಾಗಿ ನಂಜನಗೂಡಿನ ಹೆಸರಿನ ನೋಟು ನೋಡುವ ಭಾಗ್ಯ ನಮಗಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಅಮೆರಿಕದ ಆ ಹಳೆಯ ನೋಟುಗಳಿಗೆ ಮುಖಬೆಲೆಯಾದರೂ ಇಂದಿಗೂ ಸಿಗುತ್ತದೆ. ಆ ದೇಶ ಅವನ್ನು ರದ್ದು ಮಾಡಿಲ್ಲ. ನಮ್ಮಲ್ಲಿ 1946, 1978, 2016, ಮೂರು ಬಾರಿ ದೊಡ್ಡ ನೋಟುಗಳು ರದ್ದಾದವು. ಪೆಟ್ಟಿಗೆಯ ತಳದಲ್ಲಿ ಉಳಿದ ನೋಟು ಮನೆಯವರ ಪಾಲಿಗೆ ಬರೀ ಕಾಗದ. ಅದು ಬರೀ ಕಾಗದವಲ್ಲವೆಂದು ಬಲ್ಲವನು ನನ್ನಂತಹ ಸಂಗ್ರಾಹಕ ಮಾತ್ರ.

ಟಿ. ನರಸೀಪುರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಟ್ರಂಕಿನಿಂದ ಸಾವಿರ ರೂಪಾಯಿಯ ನೋಟೊಂದನ್ನು ತೆಗೆದು ನನ್ನ ಮುಂದಿಟ್ಟರು. ತಂಜಾವೂರಿನ ದೇವಾಲಯದ ಚಿತ್ರವಿದ್ದ, 1954ರಿಂದ ಚಲಾವಣೆಗೆ ಬಂದ ನೋಟು. ಭತ್ತದ ವ್ಯಾಪಾರಿಯಾಗಿದ್ದ ಅವರ ಗಂಡ ಎಲ್ಲೋ ಬಚ್ಚಿಟ್ಟಿದ್ದರಂತೆ. 1978ರ ಜನವರಿಯಲ್ಲಿ ಬದಲಿಸಿಕೊಳ್ಳಲು ಕೊಟ್ಟ ಕೆಲವೇ ದಿನಗಳ ಗಡುವು ಮುಗಿದ ಮೇಲೆ ಕೈಗೆ ಸಿಕ್ಕಿತ್ತು.

"ಇದ್ಕೇನಾದ್ರೂ ಬತ್ತದಾ ಮಗಾ?" ಎಂದರು.

"ಇದು ನಡೆಯೋದಿಲ್ಲ ಅಜ್ಜಿ" ಎಂದೆ. ಐನೂರು ರೂಪಾಯಿ ಕೊಟ್ಟು ತಂದೆ. ಅವರು ಸಂತೋಷದಿಂದ ಚಹಾ ಕುಡಿಸಿ ಕಳಿಸಿದರು.

ನಾನು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಆದರೆ ಅಜ್ಜಿ ಕೇಳಿದ್ದು ನಡೆಯುತ್ತದೆಯೇ ಎಂದಲ್ಲ, ಏನಾದರೂ ಬರುತ್ತದೆಯೇ ಎಂದು. ಅದರ ಉತ್ತರ ನನಗೆ ಗೊತ್ತಿತ್ತು: ಮುಖಬೆಲೆಯ ಹಲವು ಪಟ್ಟು. ವರ್ಷಗಟ್ಟಲೆ ಓದಿ, ಅಲೆದು ಸಂಪಾದಿಸಿದ ತಿಳಿವಳಿಕೆಗೆ ಲಾಭ ಬೇಡವೇ ಎಂದು ಗೆಳೆಯರು ವಾದಿಸುತ್ತಾರೆ. ಜಾತ್ರೆಯ ವ್ಯಾಪಾರಿಯೊಡನೆ ಚೌಕಾಸಿ ಮಾಡುವಾಗ ನಾನೂ ಅದನ್ನು ಒಪ್ಪುತ್ತೇನೆ. ಅವನಿಗೂ ಬೆಲೆ ಗೊತ್ತು, ನನಗೂ ಗೊತ್ತು. ಅಜ್ಜಿ ಮಾತ್ರ ನನ್ನನ್ನು ವ್ಯಾಪಾರಿಯೆಂದು ಕೇಳಿರಲಿಲ್ಲ, ತಿಳಿದವನೆಂದು ಕೇಳಿದ್ದರು.

ಸರಕು ಹೊತ್ತು ಬರುವ ತಂಡಗಳನ್ನು ಪೇಟೆ ತಲುಪುವ ಮುನ್ನವೇ ದಾರಿಯಲ್ಲಿ ಎದುರುಗೊಂಡು ಕೊಳ್ಳುವುದನ್ನು ಪ್ರವಾದಿ(ಸ) ತಡೆದಿದ್ದರು. ಹಾಗೆ ಮಾರಿದವನಿಗೆ ಪೇಟೆಗೆ ಬಂದ ಮೇಲೆ ವ್ಯವಹಾರ ಮುರಿಯುವ ಹಕ್ಕನ್ನೂ ಕೊಟ್ಟಿದ್ದರು. ಚಿಕ್ಕಂದಿನಲ್ಲೇ ಕೇಳಿದ ಮಾತು. ಒಂಟೆಗಳ ಕಾಲದ ಸಂಗತಿ ಎಂದುಕೊಂಡಿದ್ದೆ. ಆದರೆ ಪೇಟೆಗೆ ಎಂದೂ ಬಾರದ ಅಜ್ಜಿ ಆ ಹಕ್ಕನ್ನು ಚಲಾಯಿಸುವುದು ಹೇಗೆ? ಪೇಟೆಯ ಸುದ್ದಿಯನ್ನು ಕೊಂಡವನೇ ಒಯ್ದು ಮುಟ್ಟಿಸಬೇಕು.

ನಾನು ಹೋಗುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ನೋಟನ್ನು ಮಗನ ಕೈಗಿತ್ತು, ಬೆಲೆ ಹೇಳಿದೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಅವ್ವನಿಗೆ ಕೊನೆಗೆ ಆಸ್ಪತ್ರೆ ಖರ್ಚಿತ್ತು ಸಾರ್" ಎಂದ.